ಶಕ್ತಿಯನ್ನರಿತ ನೋಂಪಿ, ಗುಣವನ್ನರಿತ ಸಂಘ



ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ನಮ್ಮ ಬಸದಿಗಳ ಅಂಗಳದಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆಯೊಂದಿದೆ: “ಈ ಸಲ ಎಷ್ಟು ಉಪವಾಸ ಮಾಡಿದಿರಿ?” ಕೇಳುವವರಲ್ಲಿ ಕೆಟ್ಟ ಭಾವವಿರುವುದಿಲ್ಲ; ಪರ್ವದ ಉತ್ಸಾಹದಲ್ಲಿ ಬಾಯಿಗೆ ಬಂದ ಕುಶಲಪ್ರಶ್ನೆ ಅದು. ಹತ್ತು ಎನ್ನುವವರ ಮುಖ ಅರಳುತ್ತದೆ; ಐದು ಎನ್ನುವವರೂ ತಲೆಯೆತ್ತಿಯೇ ಹೇಳುತ್ತಾರೆ. ಆದರೆ ಮಧುಮೇಹದಿಂದ ಬಳಲುವ ಗೃಹಿಣಿ, ಮಗುವಿಗೆ ಹಾಲೂಡಿಸುವ ತಾಯಿ, ಹಗಲೆಲ್ಲ ಹೊಲದಲ್ಲಿ ದುಡಿಯುವ ರೈತ, ಎಂಬತ್ತು ದಾಟಿದ ವೃದ್ಧ, ಇವರು ಆ ಪ್ರಶ್ನೆಗೆ ಅಂಜಿ ಕಂಬದ ಮರೆಗೆ ಸರಿಯುತ್ತಾರೆ. ಕೆಲವರು ಆ ಹತ್ತು ದಿನ ಬಸದಿಯ ಕಡೆಗೇ ಬರುವುದಿಲ್ಲ. ಜೀವಿಗಳನ್ನು ಧರ್ಮಕ್ಕೆ ಸಮೀಪಿಸುವಂತೆ ಮಾಡಲೆಂದು ಇರುವ ಪರ್ವವು ಕೆಲವರನ್ನು ದೂರ ಮಾಡುವುದಾದರೆ ದೋಷವು ಪರ್ವದಲ್ಲಿಲ್ಲ, ನಾವು ಎಣಿಸುವ ರೀತಿಯಲ್ಲಿದೆ.

ಆಗಮವು ಹೀಗೆ ಎಣಿಸುವುದಿಲ್ಲ. ತೀರ್ಥಂಕರ ನಾಮಕರ್ಮದ ಆಸ್ರವಕ್ಕೆ ಕಾರಣವಾದ ಹದಿನಾರು ಭಾವನೆಗಳನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಹೇಳಿದ್ದಾರೆ. ಷೋಡಶಕಾರಣ ವ್ರತವನ್ನು ಕೈಗೊಳ್ಳುವವರಿಗೆ ಅವುಗಳ ಹೆಸರು ಕಂಠಸ್ಥ. ಅವುಗಳಲ್ಲಿ ತ್ಯಾಗ ಮತ್ತು ತಪಸ್ಸುಗಳಿಗೆ ಮಾತ್ರ ಒಂದು ವಿಶೇಷಣವಿದೆ: ಶಕ್ತಿತಸ್ತ್ಯಾಗ, ಶಕ್ತಿತಸ್ತಪ. ಅಂದರೆ ಶಕ್ತಿಗನುಗುಣವಾದ ತ್ಯಾಗ, ಶಕ್ತಿಗನುಗುಣವಾದ ತಪಸ್ಸು. ‘ಶಕ್ತಿತಃ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ವಿನಾಯಿತಿಯೆಂದು ಅರ್ಥಮಾಡುತ್ತೇವೆ: ಆಗದವರು ಬಿಡಬಹುದು, ಅಷ್ಟೇ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಈ ಪದವನ್ನು ವಿವರಿಸುವಾಗ ಹಾಗೆ ಹೇಳಲಿಲ್ಲ. ತನ್ನ ವೀರ್ಯವನ್ನು, ಅಂದರೆ ತನ್ನಲ್ಲಿರುವ ಸಾಮರ್ಥ್ಯವನ್ನು, ಮರೆಮಾಚದೆ ಮಾರ್ಗಕ್ಕೆ ವಿರೋಧವಾಗದಂತೆ ದೇಹವನ್ನು ದಂಡಿಸುವುದೇ ತಪಸ್ಸು ಎಂಬುದು ಅವರ ವಿವರಣೆಯ ತಾತ್ಪರ್ಯ. ಶಕ್ತಿಯನ್ನು ಮೀರಬಾರದು ಎಂಬುದು ಒಂದು ಮುಖವಾದರೆ, ಇರುವ ಶಕ್ತಿಯನ್ನು ಬಚ್ಚಿಡಬಾರದು ಎಂಬುದು ಇನ್ನೊಂದು ಮುಖ. ಹೀಗಿರುವಾಗ ಮೊದಲು ಕೇಳಬೇಕಾದುದು “ನಿಮ್ಮಿಂದ ಏನಾಗಲಿಲ್ಲ?” ಎಂಬುದನ್ನಲ್ಲ, “ನಿಮ್ಮಲ್ಲಿ ಏನಿದೆ?” ಎಂಬುದನ್ನು.

ತಪಸ್ಸೆಂದರೆ ಅನಶನವೊಂದೇ ಎಂಬ ಭ್ರಮೆಯೂ ಇದಕ್ಕೆ ಕಾರಣ. ಬಾಹ್ಯ ತಪಸ್ಸು ಆರು, ಅಂತರಂಗ ತಪಸ್ಸು ಆರು. ಉಪವಾಸವು ಈ ಹನ್ನೆರಡರಲ್ಲಿ ಒಂದು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವು ಅಂತರಂಗದವು. ವೈದ್ಯರು ಉಪವಾಸ ಬೇಡವೆಂದ ಗೃಹಿಣಿ ಕಾಯಿಲೆಯ ಮುನಿಗಳಿಗೆ ಪಥ್ಯದ ಆಹಾರವನ್ನು ಶುದ್ಧವಾಗಿ ಸಿದ್ಧಪಡಿಸಿದರೆ ಅದು ವೈಯಾವೃತ್ಯ. ಕಣ್ಣು ಚೆನ್ನಾಗಿರುವ ಮುದುಕರು ಕಣ್ಣು ಮಂದವಾದವರಿಗೆ ಶಾಸ್ತ್ರ ಓದಿ ಹೇಳಿದರೆ ಅದು ಸ್ವಾಧ್ಯಾಯವೂ ಹೌದು, ವೈಯಾವೃತ್ಯವೂ ಹೌದು. ಇವರು ಕಂಬದ ಮರೆಯಲ್ಲಿ ನಿಲ್ಲಬೇಕಾದವರಲ್ಲ.

ಈಗ ಸಂಘದ ವಿಷಯಕ್ಕೆ ಬರೋಣ. ಒಬ್ಬನ ಶಕ್ತಿ ಅವನಿಗೇ ತಿಳಿದಿರುತ್ತದೆಂದು ಭಾವಿಸುವುದು ಸರಿಯಲ್ಲ. ಬಹಳ ಸಲ ಅದನ್ನು ಮತ್ತೊಬ್ಬರು ಕಂಡು ಹೇಳಬೇಕಾಗುತ್ತದೆ. ವಾತ್ಸಲ್ಯ ಅಂಗಕ್ಕೆ ನಿದರ್ಶನವಾಗಿ ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸಿದ ವಿಷ್ಣುಕುಮಾರ ಮುನಿಗಳ ಕಥೆಯನ್ನು ಶ್ರಾವಣ ಹುಣ್ಣಿಮೆಯಂದು ನಾವು ಪ್ರತಿವರ್ಷ ಕೇಳುತ್ತೇವೆ. ಹಸ್ತಿನಾಪುರದಲ್ಲಿ ಬಲಿಯೆಂಬ ಮಂತ್ರಿ ಏಳು ದಿನಗಳ ರಾಜ್ಯಾಧಿಕಾರವನ್ನು ಪಡೆದು, ಅಕಂಪನಾಚಾರ್ಯರೂ ಅವರ ಸಂಘದ 700 ಮುನಿಗಳೂ ಇದ್ದೆಡೆಯ ಸುತ್ತ ಬೆಂಕಿಹೊಗೆಯೆಬ್ಬಿಸಿ ಘೋರ ಉಪಸರ್ಗವನ್ನು ಮಾಡಿದನು. ಮುನಿಗಳು ಉಪಸರ್ಗವು ನೀಗುವವರೆಗೆ ಆಹಾರವನ್ನು ತ್ಯಜಿಸಿ ಕಾಯೋತ್ಸರ್ಗದಲ್ಲಿ ನಿಂತರು. ಆ ರಾತ್ರಿ ದೂರದ ಮಿಥಿಲೆಯಲ್ಲಿದ್ದ ಆಚಾರ್ಯರೊಬ್ಬರು ಆಕಾಶದಲ್ಲಿ ಶ್ರವಣ ನಕ್ಷತ್ರ ಕಂಪಿಸುವುದನ್ನು ಕಂಡು, ಅವಧಿಜ್ಞಾನದಿಂದ ಉಪಸರ್ಗವನ್ನರಿತು ಮರುಗಿದರು. ಹತ್ತಿರದಲ್ಲಿದ್ದ ಕ್ಷುಲ್ಲಕರು ಇದಕ್ಕೆ ಉಪಾಯವಿಲ್ಲವೇ ಎಂದು ಕೇಳಿದರು. ಧರಣಿಭೂಷಣ ಪರ್ವತದಲ್ಲಿರುವ ವಿಷ್ಣುಕುಮಾರ ಮುನಿಗಳಿಗೆ ವಿಕ್ರಿಯಾ ಋದ್ಧಿ ಲಭಿಸಿದೆ, ಅವರಿಂದ ಮಾತ್ರ ಸಾಧ್ಯ ಎಂದರು ಆಚಾರ್ಯರು. ಆಕಾಶಗಮನ ವಿದ್ಯೆಯುಳ್ಳ ಆ ಕ್ಷುಲ್ಲಕರು ಕೂಡಲೇ ಅಲ್ಲಿಗೆ ಹೋಗಿ ತಿಳಿಸಿದರು.

ಇಲ್ಲಿ ಕಥೆಯನ್ನು ಒಂದು ಗಳಿಗೆ ನಿಲ್ಲಿಸಿ ನೋಡಬೇಕು. ಆ ಮಾತನ್ನು ಕೇಳಿದಾಗ ವಿಷ್ಣುಕುಮಾರರಿಗೇ ಆಶ್ಚರ್ಯವಾಯಿತು. ತಮಗೆ ಅಂಥ ಋದ್ಧಿಯಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ! ಪರೀಕ್ಷಿಸಲೆಂದು ತೋಳನ್ನು ಚಾಚಿದಾಗ ಅದು ಬೆಟ್ಟವನ್ನು ಭೇದಿಸಿ ದೂರಕ್ಕೆ ಹೋಯಿತು. ಆಮೇಲಿನದು ಎಲ್ಲರೂ ಬಲ್ಲ ವೃತ್ತಾಂತ: ವಾಮನ ರೂಪ, ಮೂರು ಹೆಜ್ಜೆಯ ನೆಲ, ಬಲಿಯ ಗರ್ವಭಂಗ. ಆದರೆ ನಕ್ಷತ್ರವನ್ನು ಕಂಡ ಆಚಾರ್ಯರಿಗೆ ಉಪಸರ್ಗವನ್ನು ತಡೆಯುವ ಶಕ್ತಿಯಿರಲಿಲ್ಲ. ಹಾರಿಹೋಗಬಲ್ಲ ಕ್ಷುಲ್ಲಕರಿಗೆ ಅವಧಿಜ್ಞಾನವಿರಲಿಲ್ಲ. ಋದ್ಧಿಯಿದ್ದ ಮುನಿಗಳಿಗೆ ಅದರ ಅರಿವೇ ಇರಲಿಲ್ಲ. ಮೂವರಲ್ಲಿ ಒಬ್ಬರು ಸುಮ್ಮನಿದ್ದರೂ 700 ಮುನಿಗಳ ಗತಿ ಏನಾಗುತ್ತಿತ್ತು? ಉಪಸರ್ಗ ನಿವಾರಣೆಯಾದ ಬಳಿಕ ನಾಲ್ಕನೆಯ ಶಕ್ತಿಯೊಂದು ಬೇಕಾಯಿತು. ಹೊಗೆಯಿಂದ ಗಂಟಲು ಬೆಂದಿದ್ದ ಮುನಿಗಳಿಗೆ ನುಂಗಲು ಸುಲಭವಾಗುವ ಮೃದುವಾದ ಪಾಯಸವನ್ನು ಹಸ್ತಿನಾಪುರದ ಗೃಹಿಣಿಯರು ಮಾಡಿ ಪಾರಣೆ ಮಾಡಿಸಿದರು. ಋದ್ಧಿಯಿಂದ ಆಗದ ಕೆಲಸ ಅಡಿಗೆಮನೆಯಿಂದ ಆಯಿತು. ರಕ್ಷಾಪರ್ವದ ದಿನ ಇಂದಿಗೂ ಪಾಯಸ ಮಾಡುವ ಮನೆಗಳಲ್ಲಿ ಮಕ್ಕಳಿಗೆ ಈ ಭಾಗವನ್ನೂ ಹೇಳಬೇಕು.

ಸಮ್ಯಗ್ದರ್ಶನದ ಐದನೆಯ ಅಂಗಕ್ಕೆ ನಮ್ಮ ಆಚಾರ್ಯರು ಎರಡು ಹೆಸರುಗಳನ್ನು ಬಳಸಿದ್ದಾರೆ. ಉಪಗೂಹನವೆಂಬುದು ಒಂದು: ಧರ್ಮಮಾರ್ಗದಲ್ಲಿ ನಡೆಯುವವರ ಅಶಕ್ತಿಯಿಂದಲೋ ಅಜ್ಞಾನದಿಂದಲೋ ಉಂಟಾದ ದೋಷವನ್ನು ಮುಚ್ಚುವುದು. ಉಪಬೃಂಹಣವೆಂಬುದು ಇನ್ನೊಂದು: ಗುಣವನ್ನು ಬೆಳೆಸುವುದು. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರ ಸೂರಿಗಳು ಎರಡನೆಯ ಹೆಸರನ್ನೇ ಬಳಸಿ, ಆತ್ಮಧರ್ಮವನ್ನು ವೃದ್ಧಿಪಡಿಸುವುದನ್ನೂ ಪರರ ದೋಷವನ್ನು ಮರೆಯಾಗಿಸುವುದನ್ನೂ ಒಟ್ಟಿಗೆ ಹೇಳಿದ್ದಾರೆ. ಒಂದೇ ಅಂಗಕ್ಕೆ ಈ ಎರಡು ಹೆಸರುಗಳು ಏಕೆ? ಗುಣ ಬೆಳೆದಷ್ಟೂ ದೋಷಕ್ಕೆ ಸ್ಥಳ ಕಡಿಮೆಯಾಗುತ್ತದೆ ಎಂಬುದೇ ನನಗೆ ತೋರುವ ಉತ್ತರ. ಹೊಲದಲ್ಲಿ ಪೈರು ದಟ್ಟವಾಗಿ ಎದ್ದರೆ ಕಳೆಗೆ ಬಿಸಿಲು ಸಿಗುವುದಿಲ್ಲ.

ಉಪಗೂಹನಕ್ಕೆ ನಿದರ್ಶನನಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಇಲ್ಲಿ ಎಚ್ಚರಿಕೆಯಿಂದ ಓದಬೇಕು. ಪಾರ್ಶ್ವನಾಥ ಬಿಂಬದ ಛತ್ರದಲ್ಲಿದ್ದ ವೈಡೂರ್ಯವನ್ನು ಕದಿಯಲು ಕಳ್ಳನೊಬ್ಬನು ಕ್ಷುಲ್ಲಕ ವೇಷದಲ್ಲಿ ಬಂದು, ಮಣಿಯೊಡನೆ ಓಡುವಾಗ ಕಾವಲುಗಾರರಿಗೆ ಸಿಕ್ಕಿಬಿದ್ದನು. ಶ್ರೇಷ್ಠಿಯು ಧರ್ಮಕ್ಕೆ ಅಪವಾದ ಬಾರದಿರಲೆಂದು, ತಾನೇ ತರಹೇಳಿದ್ದೆನೆಂದು ಎಲ್ಲರೆದುರು ಹೇಳಿ, ಆಮೇಲೆ ಏಕಾಂತದಲ್ಲಿ ಅವನನ್ನು ಹೊರಗೆ ಕಳುಹಿಸಿದನು. ಮಣಿಯನ್ನು ಅವನ ಕೈಯಲ್ಲಿ ಬಿಡಲಿಲ್ಲ, ಅವನನ್ನು ಮತ್ತೆ ಆ ಸ್ಥಾನದಲ್ಲಿ ಇರಿಸಲೂ ಇಲ್ಲ. ಬಸದಿಯ ಹಣವನ್ನು ನುಂಗಿದವರನ್ನೂ, ಆಶ್ರಯದಲ್ಲಿದ್ದವರಿಗೆ ಹಿಂಸೆ ಕೊಟ್ಟವರನ್ನೂ ‘ಉಪಗೂಹನ’ ಎಂದು ಹೇಳಿ ಮುಚ್ಚುವುದು ಈ ಅಂಗದ ಅರ್ಥವಲ್ಲ. ಅದು ಅಂಗವನ್ನೇ ಕಳ್ಳನಿಗೆ ವೇಷವಾಗಿ ತೊಡಿಸಿದಂತೆ. ಉಪವಾಸ ಅರ್ಧಕ್ಕೆ ನಿಂತವರನ್ನು ಕುರಿತು ಆಡಿಕೊಳ್ಳದಿರುವುದು ಉಪಗೂಹನ. ಲೆಕ್ಕಪತ್ರ ಕೇಳುವುದು ನಿಂದೆಯಲ್ಲ.

ನೋಂಪಿಗೂ ಗುಣಗ್ರಹಣಕ್ಕೂ ಇರುವ ಸಂಬಂಧಕ್ಕೆ ನಮ್ಮ ಇತಿಹಾಸದಲ್ಲಿಯೇ ದೊಡ್ಡ ಸಾಕ್ಷ್ಯವಿದೆ. ಶ್ರುತಪಂಚಮಿಯ ಮೂಲವನ್ನು ನೋಡಿರಿ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ವೃದ್ಧರಾಗಿದ್ದರು. ಪರಂಪರೆಯಿಂದ ಬಂದ ಶ್ರುತವು ತಮ್ಮೊಡನೆಯೇ ಲುಪ್ತವಾಗುವುದೆಂಬ ಕಳವಳ ಅವರಿಗೆ ಉಂಟಾಯಿತು. ದಕ್ಷಿಣಾಪಥದಲ್ಲಿ ಕೂಡಿದ್ದ ಆಚಾರ್ಯರಿಗೆ ಪತ್ರ ಕಳುಹಿಸಿ, ಗ್ರಹಣ-ಧಾರಣ ಸಾಮರ್ಥ್ಯವುಳ್ಳ ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಬಂದವರನ್ನು ಪರೀಕ್ಷಿಸಲು ಒಬ್ಬರಿಗೆ ಅಕ್ಷರ ಹೆಚ್ಚಾದ ಮಂತ್ರವನ್ನೂ ಇನ್ನೊಬ್ಬರಿಗೆ ಅಕ್ಷರ ಕಡಿಮೆಯಾದ ಮಂತ್ರವನ್ನೂ ಕೊಟ್ಟು, ಎರಡು ದಿನಗಳ ಉಪವಾಸದೊಡನೆ ಸಾಧಿಸುವಂತೆ ಹೇಳಿದರು. ಒಬ್ಬರಿಗೆ ಹಲ್ಲು ಮುಂದೆ ಬಂದ ದೇವತೆಯೂ ಇನ್ನೊಬ್ಬರಿಗೆ ಒಕ್ಕಣ್ಣಿನ ದೇವತೆಯೂ ಕಾಣಿಸಿಕೊಂಡರು. ದೇವತೆಯ ಸ್ವರೂಪ ಹೀಗಿರಲಾರದೆಂದು ತರ್ಕಿಸಿದ ಆ ಇಬ್ಬರೂ ಮಂತ್ರಗಳನ್ನು ಶಾಸ್ತ್ರದಿಂದ ತಿದ್ದಿಕೊಂಡು ಮತ್ತೆ ಜಪಿಸಿದರು. ಅಧ್ಯಾಪಕನಾಗಿದ್ದ ನನಗೆ ಈ ಪರೀಕ್ಷೆ ಬಹಳ ಹಿಡಿಸುತ್ತದೆ. ಉಪವಾಸ ಇಲ್ಲಿ ಪರೀಕ್ಷೆಯ ವಿಷಯವಲ್ಲ, ಪರೀಕ್ಷೆಯ ಪೀಠಿಕೆ ಮಾತ್ರ. ಉಪವಾಸದಿಂದ ತಿಳಿಯಾದ ಬುದ್ಧಿ ತಪ್ಪನ್ನು ತಾನೇ ಕಂಡು ತಿದ್ದೀತೇ ಎಂಬುದನ್ನು ಗುರುಗಳು ನೋಡಿದರು. ನಮ್ಮ ಶಾಲೆಗಳಲ್ಲಿ ತಪ್ಪಿಗೆ ಕೆಂಪುಶಾಯಿಯ ಗೆರೆ ಎಳೆಯುವುದಕ್ಕೇ ಪರೀಕ್ಷೆ ಮುಗಿದುಹೋಗುತ್ತದೆ.

ಆ ಇಬ್ಬರೇ ಪುಷ್ಪದಂತ, ಭೂತಬಲಿ ಆಚಾರ್ಯರು. ವಿದ್ಯೆ ಮುಗಿದ ಮೇಲೆ ಪುಷ್ಪದಂತರು ನಮ್ಮ ವನವಾಸ ದೇಶಕ್ಕೆ, ಅಂದರೆ ಬನವಾಸಿಯ ನಾಡಿಗೆ ಬಂದರು. ಭೂತಬಲಿಗಳು ದ್ರಮಿಳ ದೇಶಕ್ಕೆ ಹೋದರು. ಪುಷ್ಪದಂತರು ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಅವುಗಳನ್ನು ಜಿನಪಾಲಿತರಿಗೆ ಓದಿಸಿ, ಅವರನ್ನು ಭೂತಬಲಿಗಳ ಬಳಿಗೆ ಕಳುಹಿಸಿದರು. ಪುಷ್ಪದಂತರು ಅಲ್ಪಾಯುಗಳೆಂದು ಅರಿತ ಭೂತಬಲಿಗಳು ಮುಂದಿನದನ್ನು ತಾವು ಪೂರ್ಣಗೊಳಿಸಿದರು. ಜ್ಯೇಷ್ಠ ಶುಕ್ಲ ಪಂಚಮಿಯಂದು ಚತುರ್ವಿಧ ಸಂಘವು ಆ ಗ್ರಂಥವನ್ನು ಪೂಜಿಸಿತೆಂದೂ, ಅದೇ ಜಿನಪಾಲಿತರ ಕೈಯಲ್ಲಿ ಅದು ಪುಷ್ಪದಂತರ ಬಳಿಗೆ ಹೋದಾಗ ಅವರು ಅದನ್ನು ಕಂಡು ಹರ್ಷಿಸಿ ತಾವೂ ಶ್ರುತಪೂಜೆ ಮಾಡಿಸಿದರೆಂದೂ ಇಂದ್ರನಂದಿಗಳ ಶ್ರುತಾವತಾರ ತಿಳಿಸುತ್ತದೆ. ತಾನು ಆರಂಭಿಸಿದುದನ್ನು ಇನ್ನೊಬ್ಬರು ಮುಗಿಸಿದಾಗ ಹುಟ್ಟುವ ಹರ್ಷವೇ ಪ್ರಮೋದ ಭಾವನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕನ್ನು ಹೇಳುವಾಗ, ಗುಣದಲ್ಲಿ ಅಧಿಕರಾದವರ ವಿಷಯದಲ್ಲಿ ಇರಬೇಕಾದುದು ಪ್ರಮೋದವೆಂದು ನಿಗದಿಪಡಿಸಿದೆ. ದುಃಖಿತರನ್ನು ಕಂಡು ಕರುಣೆ ತೋರುವುದು ನಮಗೆ ಅಷ್ಟೇನೂ ಕಷ್ಟವಲ್ಲ. ನೆರೆಮನೆಯವರ ಗುಣವನ್ನು ಕಂಡು ಹಿಗ್ಗುವುದು ಕಷ್ಟ.

ಈ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಕ್ರಿ.ಶ. 816ರಲ್ಲಿ ಮುಗಿಸಿ, ಜಯಧವಲೆಯನ್ನು 20,000 ಶ್ಲೋಕ ಪ್ರಮಾಣದವರೆಗೆ ಬರೆದು ಸ್ವರ್ಗಸ್ಥರಾದರು. ಶಿಷ್ಯ ಜಿನಸೇನಾಚಾರ್ಯರು ಉಳಿದ 40,000 ಪ್ರಮಾಣವನ್ನು ಬರೆದು 837ರಲ್ಲಿ ಪೂರ್ಣಗೊಳಿಸಿದರು. ಆ ಜಿನಸೇನರ ಆದಿಪುರಾಣ ಅಪೂರ್ಣವಾಗಿ ಉಳಿದಾಗ ಗುಣಭದ್ರಾಚಾರ್ಯರು ಮುಗಿಸಿದರು.

ಇನ್ನು ಶ್ರಾವಿಕೆಯರ ಪಾತ್ರ. ಇದನ್ನು ನಮ್ಮ ಮನೆಗಳಲ್ಲಿ ತಿಳಿದವರು ಕಡಿಮೆ. ಮೂಡಬಿದರೆಯಲ್ಲಿ ಉಳಿದುಬಂದ ತಾಳೆಯೋಲೆಗಳ ಪ್ರಶಸ್ತಿಗಳನ್ನು ನೋಡಿದರೆ, ಧವಲೆಯ ಪ್ರತಿಯೊಂದನ್ನು ಬರೆಯಿಸಿದವರು ಮಂಡಲಿನಾಡಿನ ಗಂಗ ಪೆರ್ಮಾಡಿದೇವನ ಬಂಧುವಾದ ದೇಮಿಯಕ್ಕ. ಅದನ್ನು ಅರ್ಪಿಸಿದುದು ಶುಭಚಂದ್ರ ಸಿದ್ಧಾಂತದೇವರಿಗೆ. ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವರು ಸೇನನ ಪತ್ನಿ ಮಲ್ಲಿಕಬ್ಬೆ. ಇಬ್ಬರಿಗೂ ಸಂದರ್ಭ ಒಂದೇ: ಪಂಚಮಿಯ ನೋಂಪಿಯನ್ನು ನೋಂತು ಮಾಡಿದ ಉದ್ಯಾಪನೆ. ಓಲೆಯನ್ನು ಹದಮಾಡುವವರು, ಬರೆಯುವ ಲಿಪಿಕಾರರು, ತಪ್ಪು ತಿದ್ದುವ ಪಂಡಿತರು, ಗ್ರಂಥವನ್ನು ಓದಿ ಪಾಠ ಹೇಳಬಲ್ಲ ಮುನಿಗಳು, ಇಷ್ಟು ಜನರ ಸಾಮರ್ಥ್ಯವನ್ನು ಒಂದು ಉದ್ಯಾಪನೆ ಒಟ್ಟುಗೂಡಿಸಿತು. ಅದಕ್ಕೂ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನ ಕಾವ್ಯಶಕ್ತಿಯನ್ನು ಗುರುತಿಸಿ ಅಜಿತಪುರಾಣವನ್ನು ಬರೆಯಿಸಿದವಳೂ ಅವಳೇ. ಅದು ಮುಗಿದುದು 993ರಲ್ಲಿ. ಬಳೆಯ ಮಲಾರ ಹೊತ್ತವರ ಮನೆಯ ಹುಡುಗನೆಂದು ಅವಳು ನೋಡಿದ್ದರೆ ಕನ್ನಡಕ್ಕೆ ಆ ಪುರಾಣ ಇರುತ್ತಿರಲಿಲ್ಲ.

ಇಂದಿನ ಉದ್ಯಾಪನೆಯಲ್ಲಿ ನಾವು ಹಂಚುವುದೇನು? ಸ್ಟೀಲಿನ ತಟ್ಟೆ, ಪ್ಲಾಸ್ಟಿಕ್ ಡಬ್ಬಿ, ಒಂದೇ ಬಗೆಯ ಚೀಲ. ಅದನ್ನು ಪಡೆದವರ ಮನೆಯಲ್ಲಿ ಅಂಥವು ಈಗಾಗಲೇ ಹತ್ತಿರುತ್ತವೆ. ಕೊಡುವವರ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ದೇಮಿಯಕ್ಕನ ಉದ್ಯಾಪನೆಯ ಪಕ್ಕದಲ್ಲಿ ಇದನ್ನು ಇಟ್ಟಾಗ ನಾಚಿಕೆಯಾಗುತ್ತದೆ.

ಆ ಓಲೆಗಳು ಲೋಕಕ್ಕೆ ಬಂದ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. 19ನೆಯ ಶತಮಾನದ ಅಂತ್ಯದ ವೇಳೆಗೆ ಸಿದ್ಧಾಂತಗ್ರಂಥಗಳು ಮೂಡಬಿದರೆಯಲ್ಲಿ ದರ್ಶನದ ವಸ್ತುವಾಗಿದ್ದವು. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಓಲೆಗಳು ಜೀರ್ಣವಾಗುತ್ತಿದ್ದವು, ಹಳೆಯ ಕನ್ನಡ ಲಿಪಿಯನ್ನು ಓದಬಲ್ಲವರು ವಿರಳವಾಗಿದ್ದರು. ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಶೇಠರ ಬಳಿ ಧನವೂ ಕಾಳಜಿಯೂ ಇದ್ದವು, ಲಿಪಿಜ್ಞಾನವಿರಲಿಲ್ಲ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳಿಗೆ ಆ ಲಿಪಿ ತಿಳಿದಿತ್ತು. ಅವರೂ ಮಿರಜದ ಗಜಪತಿ ಉಪಾಧ್ಯಾಯರೂ ಪ್ರತಿಮಾಡಲು ತೊಡಗಿದರು. ಬ್ರಹ್ಮಸೂರಿಗಳು ತೀರಿಕೊಂಡ ಬಳಿಕ ಗಜಪತಿಯವರು ಮುಂದುವರಿಸಿದರು. ಗಜಪತಿಯವರು ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನೂ ಸಿದ್ಧಪಡಿಸಿಕೊಂಡರು. ಆ ಪ್ರತಿಯ ಸಿದ್ಧತೆಯಲ್ಲಿ ದೊಡ್ಡ ಪಾಲು ಅವರ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರದು. ಗುಪ್ತವಾಗಿ ಮಾಡಿದುದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆ ಪ್ರತಿ ಸಹಾರನಪುರಕ್ಕೆ ಹೋಗಿ, ಅಲ್ಲಿ ವಿಜಯಚಂದ್ರಯ್ಯನವರು ಓದಿ ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದು, ಅದರಿಂದ ಬೇರೆ ಪ್ರತಿಗಳು ಹಬ್ಬಿದವು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಹೊರಬಂದಿತು. ಹದಿನಾರನೆಯದು ಮುಗಿದುದು 1959ರಲ್ಲಿ. ನಮ್ಮ ಸದಲಗಾದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರೂ ಆ ಕಾರ್ಯದಲ್ಲಿ ಸಹಾಯಕರಾಗಿದ್ದರು. ಇವರಲ್ಲಿ ಯಾರೊಬ್ಬರೂ ಒಬ್ಬರೇ ಆ ಕೆಲಸವನ್ನು ಮಾಡಲಾಗುತ್ತಿರಲಿಲ್ಲ. ಪಂಚಮಕಾಲದ ದೋಷಗಳನ್ನು ಪಟ್ಟಿಮಾಡುತ್ತ ಕುಳಿತಿದ್ದರೆ ಗೆದ್ದಲು ತನ್ನ ಕೆಲಸವನ್ನು ಮುಗಿಸುತ್ತಿತ್ತು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4 ಲಕ್ಷ 40 ಸಾವಿರ. ಎಷ್ಟೋ ಹಳ್ಳಿಗಳಲ್ಲಿ ಬಸದಿ ದೊಡ್ಡದು, ಶ್ರಾವಕರ ಮನೆ ಮೂರೋ ನಾಲ್ಕೋ. ಪುರೋಹಿತರ ಮಕ್ಕಳು ಉದ್ಯೋಗಕ್ಕಾಗಿ ಪಟ್ಟಣ ಸೇರಿದ್ದಾರೆ. ನಿತ್ಯಾಭಿಷೇಕಕ್ಕೆ ಜನ ಸಿಗುವುದೇ ಕಷ್ಟ. ಇಂಥ ಊರುಗಳಲ್ಲಿ ಸಭೆ ಕೂಡಿದರೆ ಮಾತು ತೊಡಗುವುದು ಇಲ್ಲದುದರಿಂದ: ಹಣವಿಲ್ಲ, ಯುವಕರಿಲ್ಲ, ಮಂತ್ರ ತಿಳಿದವರಿಲ್ಲ. ಇಲ್ಲದುದನ್ನು ಎಣಿಸಿ ಎಣಿಸಿ ಕೊನೆಗೆ ಇರುವವರೂ ನಿರುತ್ಸಾಹಗೊಂಡು ಎದ್ದುಹೋಗುತ್ತಾರೆ.

ನಾನು ಬಲ್ಲ ಒಂದು ಊರಿನಲ್ಲಿ ನೋಂಪಿಗಳ ವಿಧಾನವನ್ನು ಬಾಯಿಪಾಠವಾಗಿ ಬಲ್ಲ ಮೂವರು ಹೆಂಗಸರಿದ್ದರು. ರೋಹಿಣಿ, ಪುಷ್ಪಾಂಜಲಿ, ಅನಂತ, ಜೀವದಯಾಷ್ಟಮಿ, ಯಾವ ನೋಂಪಿಗೆ ಯಾವ ಕಥೆ, ಎಷ್ಟು ಅಕ್ಷತೆಯ ಪುಂಜ, ಎಷ್ಟು ವರ್ಷಕ್ಕೆ ಉದ್ಯಾಪನೆ ಎಂಬುದೆಲ್ಲ ಅವರ ನಾಲಗೆಯ ಮೇಲಿತ್ತು. ಇಬ್ಬರು ತೀರಿಕೊಂಡರು, ಅವರನ್ನು ಯಾರೂ ಕೇಳಿರಲಿಲ್ಲ. ಮೂರನೆಯ ಅಜ್ಜಿ ಸಕ್ಕರೆ ಕಾಯಿಲೆಯವರು. ಉಪವಾಸ ಮಾಡಲಾಗದೆಂಬ ಸಂಕೋಚದಿಂದ ಪರ್ವದ ದಿನಗಳಲ್ಲಿ ಬಸದಿಗೆ ಬರುವುದನ್ನೇ ಬಿಟ್ಟಿದ್ದರು. ಆ ಊರಿನ ಒಬ್ಬ ತರುಣ, ಭಕ್ತಾಮರ ಸ್ತೋತ್ರವನ್ನು ಸರಿಯಾಗಿ ಹೇಳಲು ಬಾರದೆಂದು ಹಿರಿಯರಿಂದ ಬೈಸಿಕೊಳ್ಳುತ್ತಿದ್ದವನು, ಒಂದು ದಿನ ಅವರ ಮನೆಗೆ ಹೋಗಿ, “ಅಜ್ಜೀ, ನೀವು ಹೇಳಿರಿ, ನಾನು ಮೊಬೈಲಿನಲ್ಲಿ ಹಿಡಿದಿಡುತ್ತೇನೆ,” ಎಂದ. ಅವರು ಮೊದಲು ಒಪ್ಪಲಿಲ್ಲ; “ಉಪವಾಸ ಮಾಡಲಾರದ ಬಾಯಿಂದ ನೋಂಪಿಯ ಕಥೆ ಕೇಳ್ತೀಯೇನಪ್ಪಾ?” ಎಂದರು. ಆಮೇಲೆ ಹದಿನೇಳು ದಿನ ಹೇಳಿದರು. ಈಗ ಅಷ್ಟಮಿ ಚತುರ್ದಶಿಗಳಂದು ಬಸದಿಯ ಮುಖಮಂಟಪದಲ್ಲಿ ಕುಳಿತು ಕಥೆ ಹೇಳುವವರು ಅವರೇ. ಉಪವಾಸ ಮಾಡಿದ ಗೃಹಿಣಿಯರು ಸುತ್ತ ಕುಳಿತು ಕೇಳುತ್ತಾರೆ. ತರುಣನಿಗೆ ಭಕ್ತಾಮರ ಇನ್ನೂ ಪೂರ್ತಿ ಬಂದಿಲ್ಲ. ಬರುತ್ತದೆ.

ಗುಣವನ್ನು ಹುಡುಕುವವರ ಕಣ್ಣು ವಿಶಾಲವಾಗಿರಬೇಕು. ಸಮಂತಭದ್ರರು ಶ್ರಾವಕಾಚಾರಕ್ಕೆ ನಿದರ್ಶನಗಳನ್ನು ಆರಿಸುವಾಗ ಯಾರನ್ನು ಆರಿಸಿದರು ನೋಡಿರಿ. ನಿಃಶಂಕಿತ ಅಂಗಕ್ಕೆ ಅಂಜನನೆಂಬ ಚೋರ. ಅಹಿಂಸಾಣುವ್ರತಕ್ಕೆ ಯಮಪಾಲನೆಂಬ ಚಾಂಡಾಲ. ಚತುರ್ದಶಿಯಂದು ಜೀವವಧೆ ಮಾಡೆನೆಂಬ ಒಂದೇ ದಿನದ ನಿಯಮವನ್ನು ರಾಜಾಜ್ಞೆಗೂ ಬಗ್ಗದೆ ಪಾಲಿಸಿದವನು ಅವನು. ಜಿನಪೂಜೆಗೆ ಒಂದು ಕಪ್ಪೆ, ಬಾಯಲ್ಲಿ ಹೂವಿನ ಎಸಳನ್ನು ಕಚ್ಚಿ ಹೊರಟದ್ದು. ದಾನಕ್ಕೆ ಹೇಳಿದ ನಿದರ್ಶನಗಳಲ್ಲಿ ಒಂದು ಕಾಡುಹಂದಿ. ಮುನಿಗಳಿದ್ದ ಗುಹೆಯನ್ನು ಹುಲಿಯಿಂದ ಕಾಯುತ್ತ ಪ್ರಾಣಬಿಟ್ಟಿತು. ಹಂದಿಯಲ್ಲಿ ಇದ್ದುದು ಕೋರೆಯ ಬಲ ಮಾತ್ರ, ಅದನ್ನೇ ಅದು ಕೊಟ್ಟಿತು. ಇಂಥ ಪಟ್ಟಿಯನ್ನು ಕೊಟ್ಟ ಆಚಾರ್ಯರ ಪರಂಪರೆಯಲ್ಲಿರುವ ನಾವು, ಲೆಕ್ಕ ಬರೆಯಬಲ್ಲವನು, ವಿಹಾರದಲ್ಲಿ ಮುನಿಗಳೊಡನೆ ಹತ್ತು ಮೈಲಿ ನಡೆಯಬಲ್ಲವನು, ಹೆಂಚು ಸರಿಮಾಡಬಲ್ಲವನು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡಬಲ್ಲವಳು, ಇವರ ಕೈಕೆಲಸವನ್ನು ಧರ್ಮಕಾರ್ಯವೆಂದು ಕರೆಯಲು ಹಿಂಜರಿಯಬಾರದು.

ಆದರೆ ಗುಣಗ್ರಹಣವೆಂದರೆ ಮುಖಸ್ತುತಿಯಲ್ಲ. ಪರನಿಂದೆ, ಆತ್ಮಪ್ರಶಂಸೆ, ಪರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಹೊರಗೆಡಹುವುದು, ಇವು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಸೂತ್ರಕಾರರು ಹೇಳುತ್ತಾರೆ. ಇವುಗಳ ವಿಪರ್ಯಯವೂ ನಮ್ರತೆಯೂ ಉಚ್ಚಗೋತ್ರಕ್ಕೆ ಕಾರಣ. ವೇದಿಕೆಯ ಮೇಲೆ ದಾನಿಗಳಿಗೆ ಶಾಲು ಹೊದಿಸುವಾಗ ಇಲ್ಲದ ಬಿರುದುಗಳನ್ನು ಹೊದಿಸುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಅದೇ ವೇದಿಕೆಯ ಹಿಂದೆ ನಾಲ್ಕು ದಿನದಿಂದ ನೀರು ಸೋಸಿ ಕಾಯಿಸುತ್ತಿರುವ ಹೆಂಗಸಿನ ಹೆಸರು ಯಾರಿಗೂ ನೆನಪಾಗುವುದಿಲ್ಲ. ಮೊದಲನೆಯದು ಇಲ್ಲದುದನ್ನು ಹೇಳಿದಂತೆ, ಎರಡನೆಯದು ಇದ್ದುದನ್ನು ಮುಚ್ಚಿದಂತೆ. ಶ್ರವಣಬೆಳಗೊಳದಲ್ಲಿ ಗೊಮ್ಮಟಸ್ವಾಮಿಯ ಎದುರಿಗೆ ಗುಳ್ಳಕಾಯಜ್ಜಿಯ ಮೂರ್ತಿಯನ್ನು ನಿಲ್ಲಿಸಿದ ಹಿರಿಯರಿಗೆ ಈ ವಿವೇಕವಿತ್ತು.

ಬರುವ ಜ್ಯೇಷ್ಠ ಶುಕ್ಲ ಪಂಚಮಿಗೆ ಮುಂಚೆ ಪ್ರತಿಯೊಂದು ಊರಿನ ಬಸದಿಯಲ್ಲಿ ಒಂದು ಪುಸ್ತಕವನ್ನು ಇಡಬಹುದೆಂಬುದು ನನ್ನ ಸೂಚನೆ. ಅದು ದೇಣಿಗೆಯ ಪುಸ್ತಕವಲ್ಲ. ಇಬ್ಬರು ಶ್ರಾವಿಕೆಯರೂ ಒಬ್ಬ ತರುಣನೂ ಮನೆಮನೆಗೆ ಹೋಗಿ, ಆ ಮನೆಯಲ್ಲಿ ಯಾರಿಗೆ ಏನು ಗೊತ್ತು, ಏನು ಮಾಡಬಲ್ಲರು, ಏನನ್ನು ಕಲಿಸಬಲ್ಲರು ಎಂಬುದನ್ನು ಕೇಳಿ ಬರೆಯಬೇಕು. ಕೇಳಿದ ಕೂಡಲೇ ಎಲ್ಲರೂ “ನಮಗೇನು ಗೊತ್ತು?” ಎನ್ನುತ್ತಾರೆ, ಅಲ್ಲಿಗೆ ಎದ್ದು ಬರಬಾರದು, ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕು. ಹೊಸ ಸೊಸೆಯನ್ನೂ, ಸಾಲ ಮಾಡಿ ಹೆಸರು ಕೆಡಿಸಿಕೊಂಡವನನ್ನೂ, ಕಿವಿ ಕೇಳದವರನ್ನೂ ಬಿಡಬಾರದು. ಉದ್ಯಾಪನೆ ಮಾಡುವ ಮನೆಯವರು ಆ ಪುಸ್ತಕವನ್ನು ನೋಡಿ, ಪಾತ್ರೆಗೆ ಮೀಸಲಾದ ಹಣದಲ್ಲಿ ಒಂದು ಭಾಗವನ್ನು ಅದರಲ್ಲಿರುವ ಯಾವುದಾದರೊಂದು ಸಾಮರ್ಥ್ಯ ಕೆಲಸಕ್ಕೆ ಬರುವಂತೆ ವಿನಿಯೋಗಿಸಲಿ: ಓಲೆಗಳಿಗೆ ಲಿಂಬೆಹುಲ್ಲಿನ ಎಣ್ಣೆ ಸವರಿ ಬಟ್ಟೆ ಸುತ್ತಿಸಬಹುದು, ಹಳಗನ್ನಡ ಲಿಪಿಯ ಪಾಠ ನಡೆಸಬಹುದು, ಕಥೆ ಹೇಳುವ ಅಜ್ಜಿಯ ಮಾತನ್ನು ಅಚ್ಚು ಹಾಕಿಸಬಹುದು. ಬರೆಯುವ ಕೆಲಸವನ್ನು ಊರಿನಲ್ಲಿ ಅತ್ಯಂತ ವಯಸ್ಸಾದವರ ಮನೆಯಿಂದ ಆರಂಭಿಸಿರಿ. ಅವರು ಮಧ್ಯಾಹ್ನ ಮಲಗುವವರಾದುದರಿಂದ ಬೆಳಗಿನ ಪೂಜೆ ಮುಗಿದ ಕೂಡಲೇ ಗಂಧೋದಕ ತೆಗೆದುಕೊಂಡು ಹೋದರೆ ಅನುಕೂಲ.